ಹಳೆಯ ರಿಸೀವರ್‌ಗೆ ಹೊಸ ಸ್ಪೀಕರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಚಾನೆಲ್‌ಗೆ 30 ವ್ಯಾಟ್ ಕೊಡುವ ಎಂಬತ್ತರ ದಶಕದ ಸ್ಟೀರಿಯೊ ರಿಸೀವರ್ (ರೇಡಿಯೊ, ಆಂಪ್ಲಿಫೈಯರ್ ಎರಡೂ ಕೂಡಿದ ಸೆಟ್) ಮನೆಯಲ್ಲಿದೆ. ಜೊತೆಗಿದ್ದ ದೊಡ್ಡ ಪೆಟ್ಟಿಗೆಗಳ ಕೋನ್ ಸುತ್ತಲಿನ ಫೋಮ್ ಪುಡಿಯಾಗಿ ಉದುರಿತೆಂದು ಹೊಸ ಬುಕ್‌ಶೆಲ್ಫ್ ಸ್ಪೀಕರ್ ತಂದೆವು. ಹಿಂದೆ 6 ಓಮ್ಸ್, 85 ಡೆಸಿಬೆಲ್, 100 ವ್ಯಾಟ್ ಎಂದಿದೆ. ಸದ್ದು ಮೊದಲಿಗಿಂತ ಸಣ್ಣ, ಬಾಸ್ ಇಲ್ಲವೇ ಇಲ್ಲ, ಜೋರು ಮಾಡಿದರೆ ಒಡಕು. ರಿಸೀವರ್ ಮಾರಿಬಿಡಬೇಕೇ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಮಾರಬೇಡಿ. 100 ವ್ಯಾಟ್ ಎಂಬುದು ಸ್ಪೀಕರ್ ತಡೆದುಕೊಳ್ಳುವ ಮಿತಿಯೇ ಹೊರತು ಅದರ ಸದ್ದಿನ ಅಳತೆಯಲ್ಲ. ನೋಡಬೇಕಾದದ್ದು ಪಕ್ಕದಲ್ಲಿರುವ 85 ಡೆಸಿಬೆಲ್. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದಾಗ ಸಿಗುವ ಸದ್ದು ಅದು. ಆ ಕಾಲದ ದೊಡ್ಡ ಪೆಟ್ಟಿಗೆಗಳು 90–91 ಕೊಡುವುದು ಸಾಮಾನ್ಯವಾಗಿತ್ತು. 3 ಡೆಸಿಬೆಲ್ ಏರಬೇಕಾದರೆ ವ್ಯಾಟ್ ಇಮ್ಮಡಿಯಾಗಬೇಕು, 6 ಏರಬೇಕಾದರೆ ನಾಲ್ಕರಷ್ಟು. ಹೊಸದರಲ್ಲಿ 30 ವ್ಯಾಟ್ ಮಾಡುವ ಕೆಲಸವನ್ನು ಹಳೆಯದರಲ್ಲಿ ಏಳೆಂಟು ವ್ಯಾಟ್ ಮಾಡಿಬಿಡುತ್ತಿತ್ತು. ಪೆಟ್ಟಿಗೆ ಚಿಕ್ಕದಾಗಬೇಕು, ಬಾಸ್ ಆಳಕ್ಕಿಳಿಯಬೇಕು ಎಂದರೆ ತೆರಬೇಕಾದ ಸುಂಕ ಇದು.

ಹಾಗಿದ್ದೂ ಮನೆಯ ಹಾಲ್‌ಗೆ 30 ವ್ಯಾಟ್ ಧಾರಾಳ. 85 ಡೆಸಿಬೆಲ್ ಸ್ಪೀಕರ್ 30 ವ್ಯಾಟಿನಲ್ಲಿ ಒಂದು ಮೀಟರಿಗೆ ಸುಮಾರು 100 ಡೆಸಿಬೆಲ್ ಮುಟ್ಟುತ್ತದೆ. ಪಕ್ಕದ ಮನೆಯವರು ಬಾಗಿಲು ತಟ್ಟಲು ಅಷ್ಟು ಸಾಕು. ಹಾಗಾದರೆ ಒಡಕು ಎಲ್ಲಿಂದ? ಬಾಸ್ ಸಾಲದೆಂದು ಬಾಸ್ ಗುಂಡಿಯನ್ನು ಪೂರ್ತಿ ತಿರುಗಿಸಿ, ಲೌಡ್‌ನೆಸ್ ಸ್ವಿಚ್ಚನ್ನೂ ಒತ್ತಿರುತ್ತೀರಿ. ಬಾಸನ್ನು 10 ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ ಹತ್ತರಷ್ಟು ವ್ಯಾಟ್ ಬೇಕು. ರಿಸೀವರ್ ಅಷ್ಟು ಕೊಡಲಾರದೆ ಅಲೆಯ ತಲೆಯನ್ನೇ ಕತ್ತರಿಸುತ್ತದೆ. ಅದೇ ನಿಮಗೆ ಕೇಳುವ ಒಡಕು. ಹೀಗೆ ಕತ್ತರಿಸಿದ ಅಲೆಯಲ್ಲಿ ಮೇಲಿನ ಕಂಪನಗಳು ವಿಪರೀತ ಸೇರಿಕೊಂಡು ಟ್ವೀಟರನ್ನು (ಟ್ರೆಬಲ್ ನುಡಿಸುವ ಪುಟ್ಟ ಸ್ಪೀಕರನ್ನು) ಸುಡುತ್ತವೆ. ಸಣ್ಣ ರಿಸೀವರ್ ದೊಡ್ಡ ಸ್ಪೀಕರನ್ನು ಹಾಳು ಮಾಡಲಾರದು ಎಂಬ ಮಾತನ್ನು ನಂಬಬೇಡಿ. ಲೌಡ್‌ನೆಸ್ ಇರುವುದು ರಾತ್ರಿ ಮೆಲ್ಲಗೆ ಕೇಳುವಾಗ ಬಾಸ್ ಮಂಕಾಗದಿರಲಿ ಎಂದು. ಜೋರಾಗಿ ಕೇಳುವಾಗ ಅದನ್ನು ಆರಿಸಿ, ಬಾಸ್, ಟ್ರೆಬಲ್ ಎರಡನ್ನೂ ನಡುವಿಗೆ ತನ್ನಿ.

ಬಾಸ್ ‘ಇಲ್ಲವೇ ಇಲ್ಲ’ ಎಂದಿದ್ದೀರಿ. ಹಾಗೆ ಪೂರ್ತಿ ಮಾಯವಾದರೆ ಮೊದಲ ಗುಮಾನಿ ಒಂದು ಸ್ಪೀಕರಿನ ಪ್ಲಸ್, ಮೈನಸ್ ಅದಲುಬದಲಾಗಿದೆ ಎಂಬುದು. ಆಗ ಒಂದು ಕೋನ್ ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆಯುತ್ತದೆ, ಕೆಳಗಿನ ಸ್ವರಗಳು ಒಂದನ್ನೊಂದು ನುಂಗುತ್ತವೆ. ರಿಸೀವರ್ ಮೇಲೆ ಮೋನೊ ಸ್ವಿಚ್ ಇದ್ದರೆ ಒತ್ತಿ, ಎರಡು ಸ್ಪೀಕರನ್ನೂ ಮುಖಾಮುಖಿ ಒಂದು ಗೇಣು ದೂರ ಇಟ್ಟು ಹಾಡು ಹಾಕಿ ಕೇಳಿ. ರಿಸೀವರ್ ಆರಿಸಿ, ಒಂದು ಸ್ಪೀಕರಿನ ಎರಡು ತಂತಿಗಳನ್ನು ಮಾತ್ರ ತಿರುವು ಮಾಡಿ ಮತ್ತೆ ಕೇಳಿ. ಬಾಸ್ ಹೆಚ್ಚಿದರೆ ಮೊದಲಿನದು ತಪ್ಪು, ಇದನ್ನೇ ಉಳಿಸಿ. ತಂತಿ ಎರಡೂ ಒಂದೇ ಬಣ್ಣದ್ದಾಗಿ ಗುರುತು ಸಿಗದಿದ್ದರೆ ರಿಸೀವರ್ ಕಡೆಯ ತುದಿಯನ್ನು ಬಿಚ್ಚಿ, 1.5 ವೋಲ್ಟ್ ಸೆಲ್ಲನ್ನು ಅರೆಕ್ಷಣ ಮುಟ್ಟಿಸಿ. ವೂಫರ್ (ಬಾಸ್ ನುಡಿಸುವ ದೊಡ್ಡ ಕೋನ್) ಮುಂದಕ್ಕೆ ಹಾರಿದರೆ ಸೆಲ್ಲಿನ ಪ್ಲಸ್ ತಗುಲಿದ ತಂತಿಯೇ ಪ್ಲಸ್.

6 ಓಮ್ಸ್ ವಿಚಾರ. ಓಮ್ಸ್ ಎಂದರೆ ಸ್ಪೀಕರಿನ ವಿದ್ಯುತ್ ತಡೆ; ಅದು ಕಡಿಮೆಯಾದಷ್ಟೂ ರಿಸೀವರಿನ ಮೇಲೆ ಹೊರೆ ಹೆಚ್ಚು. ರಿಸೀವರಿನ ಬೆನ್ನು ಓದಿ; ಎ, ಬಿ ಎಂದರೆ ಎರಡು ಜೋಡಿ ಸ್ಪೀಕರ್ ಹಾಕುವ ಜಾಗಗಳು. ‘ಎ ಅಥವಾ ಬಿ 4ರಿಂದ 16 ಓಮ್ಸ್, ಎ ಜೊತೆ ಬಿ 8ರಿಂದ 16’ ಎಂದಿದ್ದರೆ ಒಂದು ಜೋಡಿ 6 ಓಮ್ಸ್‌ಗೆ ಯಾವ ತಕರಾರೂ ಇಲ್ಲ. ಕನಿಷ್ಠ 8 ಎಂದಿದ್ದರೂ ಹದವಾದ ಸದ್ದಿಗೆ ನಡೆಯುತ್ತದೆ. ಒಂದು ಗಂಟೆಯ ನಂತರ ಮೇಲ್ಭಾಗವನ್ನು ಮುಟ್ಟಿ ನೋಡಿ, ಅಂಗೈ ಹತ್ತು ಸೆಕೆಂಡ್ ನಿಲ್ಲದಿದ್ದರೆ ಸದ್ದು ಇಳಿಸಿ. ಮಾಡಲೇಬಾರದ್ದೆಂದರೆ ಹಳೆಯ 8 ಓಮ್ಸ್ ಜೋಡಿಯನ್ನು ರಿಪೇರಿ ಮಾಡಿಸಿ ‘ಬಿ’ಗೆ ಹಾಕಿ ಎರಡನ್ನೂ ಒಟ್ಟಿಗೆ ಹಾಡಿಸುವುದು. 6 ಮತ್ತು 8 ಪ್ಯಾರಲೆಲ್ ಆದರೆ ಸುಮಾರು 3.4 ಓಮ್ಸ್; ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಬೇಯುತ್ತವೆ. ಹಾಗೆಯೇ ರಿಸೀವರ್ ಮೇಲೆ ಕ್ರೋಶಾ ಬಟ್ಟೆ ಹಾಸಿ ಚನ್ನಪಟ್ಟಣದ ಗೊಂಬೆ ಕೂರಿಸಿದ್ದರೆ ಗೊಂಬೆಗೆ ಬೇರೆ ಜಾಗ ನೋಡಿ. ಮೇಲೆ 10 ಸೆಂಟಿಮೀಟರ್ ಗಾಳಿ ಬೇಕು.

ಇನ್ನು ಜಾಗ. ಹೊಸ ಸ್ಪೀಕರನ್ನು ಶೋಕೇಸಿನ ಗೂಡಿಗೆ ತುರುಕಿದ್ದರೆ ಮೇಲಿನದ್ದೆಲ್ಲ ಮಾಡಿಯೂ ಫಲವಿಲ್ಲ. ಬೆನ್ನಲ್ಲಿ ತೂತಿರುವ ಮಾದರಿಯಾದರೆ ಗೂಡಿನೊಳಗೆ ಬಾಸ್ ಗುಮ್ಮೆನ್ನುತ್ತದೆ, ಮಾತು ಬಾವಿಯಿಂದ ಬಂದಂತಿರುತ್ತದೆ. ಸ್ಟ್ಯಾಂಡ್ ಮೇಲಿಟ್ಟು ಟ್ವೀಟರನ್ನು ಕೂತವರ ಕಿವಿಯ ಮಟ್ಟಕ್ಕೆ, ಅಂದರೆ ನೆಲದಿಂದ 90–100 ಸೆಂಟಿಮೀಟರಿಗೆ ತನ್ನಿ. ಗೋಡೆಯಿಂದ 40 ಸೆಂಟಿಮೀಟರಿನಲ್ಲಿ ಶುರು ಮಾಡಿ, ಬಾಸ್ ಸಾಲದಿದ್ದರೆ ಐದೈದು ಸೆಂಟಿಮೀಟರ್ ಹಿಂದಕ್ಕೆ ಸರಿಸುತ್ತ ಹೋಗಿ. ಮೂಲೆ ಬೇಡ. ಎರಡರ ನಡುವೆ 2 ಮೀಟರ್, ನೀವು ಕೂರುವ ಜಾಗಕ್ಕೂ ಅಷ್ಟೇ. ಮೈಸೂರಿನ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಕನ್ನಡಿಯಂತೆ ಸದ್ದನ್ನು ಎಸೆಯುತ್ತದೆ. ಸ್ಪೀಕರ್‌ಗೂ ನಿಮಗೂ ನಡುವೆ ದಪ್ಪ ಜಮಖಾನ ಹಾಸಿದರೆ ಟ್ರೆಬಲ್ ಚುಚ್ಚುವುದು ನಿಲ್ಲುತ್ತದೆ. ಮೂರು ಸಾವಿರದ ಕೇಬಲ್ ಮಾಡದ ಕೆಲಸವನ್ನು ಜಮಖಾನ ಮಾಡುತ್ತದೆ.

ಪ್ರಶ್ನೆ: ಸ್ಪೀಕರ್ ತಂತಿ ಎಷ್ಟು ದಪ್ಪವಿರಬೇಕು? ಅಂಗಡಿಯಲ್ಲಿ ‘ಆಕ್ಸಿಜನ್ ಫ್ರೀ’ ತಂತಿಯೇ ಬೇಕೆನ್ನುತ್ತಾರೆ.
– ಓದುಗರು, ಪಾಂಡವಪುರ

ಉತ್ತರ: ಬೇಡ. ಮನೆ ವೈರಿಂಗಿಗೆ ಬಳಸುವ ಬಹುಎಳೆಯ ತಾಮ್ರದ ತಂತಿ ಸಾಕು. 5 ಮೀಟರಿನವರೆಗೆ 1.5 ಚದರ ಮಿಲಿಮೀಟರ್, ಅದಕ್ಕೂ ಉದ್ದವಾದರೆ 2.5. ಸೀರಿಯಲ್ ಸೆಟ್ಟಿನ 0.5ರ ತಂತಿ 10 ಮೀಟರ್ ಎಳೆದರೆ ಹೋಗಿಬರುವ ದಾರಿಗೆ ಸುಮಾರು 0.7 ಓಮ್ಸ್ ಆಗುತ್ತದೆ. 6 ಓಮ್ಸ್ ಸ್ಪೀಕರಿಗೆ ಅದು ಹೆಚ್ಚು. ತುದಿಯನ್ನು ಚಾಕುವಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ತಾಮ್ರದ ಲೇಪವಿರುವ ಅಲ್ಯುಮಿನಿಯಂ.

ಪ್ರಶ್ನೆ: ಎಡಗಡೆ ಸದ್ದು ಸಣ್ಣದಾಗಿ ಇಟ್ಟಾಗ ಬರುವುದಿಲ್ಲ. ಒಮ್ಮೆ ಜೋರು ಮಾಡಿದರೆ ‘ಟಪ್’ ಎಂದು ಬಂದು ಆಮೇಲೆ ಸರಿಯಿರುತ್ತದೆ. ವಾಲ್ಯೂಮ್ ತಿರುಗಿಸಿದರೆ ಕರಕರ. ಹೊಸ ಸ್ಪೀಕರಿನ ದೋಷವೇ?
– ಓದುಗರು, ಮದ್ದೂರು

ಉತ್ತರ: ಅಲ್ಲ. ರಿಸೀವರ್ ಆರಿಸಿ, ಅದರ ಹಿಂದೆ ಎಡ, ಬಲ ಸ್ಪೀಕರ್ ತಂತಿಗಳನ್ನು ಅದಲುಬದಲು ಮಾಡಿ. ತೊಂದರೆ ಈಗ ಬಲಗಡೆ ಸ್ಪೀಕರಿನಲ್ಲಿ ಕಂಡರೆ ದೋಷ ರಿಸೀವರಿನದು. ಆನ್ ಮಾಡಿದ ಮೂರ್ನಾಲ್ಕು ಸೆಕೆಂಡಿಗೆ ಒಳಗೆ ‘ಟಕ್’ ಎನ್ನುವುದು ಸ್ಪೀಕರ್ ರಿಲೇ, ಅಂದರೆ ಸ್ಪೀಕರನ್ನು ತಾನಾಗಿ ಜೋಡಿಸುವ ಸ್ವಿಚ್. ಅದರ ಕಾಂಟ್ಯಾಕ್ಟಿನ ಮೇಲೆ ಕಪ್ಪು ಪೊರೆ ಕಟ್ಟಿರುತ್ತದೆ. ಸಣ್ಣ ಸದ್ದಿನ ಮಿಲಿವೋಲ್ಟ್‌ಗಳು ಆ ಪೊರೆಯನ್ನು ದಾಟಲಾರವು, ಜೋರು ಮಾಡಿದಾಗ ದಾಟುತ್ತವೆ. ಮರಳು ಕಾಗದದಿಂದ ಉಜ್ಜಿದರೆ ಲೇಪ ಕಿತ್ತುಹೋಗಿ ಆರು ತಿಂಗಳಲ್ಲಿ ಮತ್ತೆ ಅದೇ ಕತೆ. ಅದೇ ಕಾಯಿಲ್ ವೋಲ್ಟೇಜಿನ, ಅದೇ ಕಾಲುಗಳ ಹೊಸ ರಿಲೇ ಹಾಕಿಸಿ. ರಿಲೇಗೆ ಕೈ ಹಾಕುವ ಮುನ್ನ ಮುಂದಿನ ಸ್ಪೀಕರ್ ಸೆಲೆಕ್ಟರ್ ಸ್ವಿಚ್ಚನ್ನು ಇಪ್ಪತ್ತು ಸಲ ಒತ್ತಿ ಬಿಡಿ. ಎಷ್ಟೋ ಸಲ ಕಳ್ಳ ಅಲ್ಲೇ ಇರುತ್ತಾನೆ.

ಕರಕರಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ತನ್ನಿ. ತುಕ್ಕು ಸಡಿಲಿಸುವ ಮಾಮೂಲಿ ಎಣ್ಣೆ ಸ್ಪ್ರೇ ಬೇಡ, ಎಣ್ಣೆಗೆ ಧೂಳು ಹಿಡಿಯುತ್ತದೆ. ಪ್ಲಗ್ ಕಿತ್ತು ಅರ್ಧ ಗಂಟೆ ಬಿಟ್ಟು ಮುಚ್ಚಳ ತೆಗೆಯಿರಿ. ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರಬಹುದು, ಅತ್ತ ಬೆರಳು ಬೇಡ. ವಾಲ್ಯೂಮ್ ಗುಂಡಿಯ ಹಿಂದಿನ ಪಾಟ್‌ನ ಸಂದಿಗೆ ಸಣ್ಣದೊಂದು ಚಿಮುಕು, ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ತಿರುಗಿಸುವುದು, ಒಂದು ಗಂಟೆ ಒಣಗಲು ಬಿಡುವುದು.

ಸ್ಪೀಕರ್ ಮತ್ತೆ ಜೋಡಿಸುವ ಮೊದಲು ಇನ್ನೊಂದು ಪರೀಕ್ಷೆ, ಇದನ್ನು ಬಿಡಬೇಡಿ. ಸ್ಪೀಕರ್ ತಂತಿ ಬಿಚ್ಚಿ, ವಾಲ್ಯೂಮ್ ಸೊನ್ನೆಗಿಟ್ಟು, ರಿಸೀವರ್ ಆನ್ ಮಾಡಿ ಹತ್ತು ನಿಮಿಷ ಬಿಸಿಯಾಗಲು ಬಿಡಿ. ಮಲ್ಟಿಮೀಟರನ್ನು ಡಿಸಿ 200 ಮಿಲಿವೋಲ್ಟ್‌ಗಿಟ್ಟು ಎಡ ಸ್ಪೀಕರ್ ಟರ್ಮಿನಲ್ಲಿನ ಪ್ಲಸ್, ಮೈನಸ್ ನಡುವೆ ಅಳೆಯಿರಿ, ಬಲದ್ದನ್ನು ಬೇರೆಯಾಗಿ ಹಾಗೆಯೇ ಅಳೆಯಿರಿ. 50ರ ಒಳಗಿದ್ದರೆ ನಿಶ್ಚಿಂತೆ. 100 ದಾಟಿದರೆ ಮೆಕ್ಯಾನಿಕ್‌ಗೆ ತೋರಿಸಿ. ಮೀಟರ್ ವೋಲ್ಟುಗಟ್ಟಲೆ ತೋರಿಸಿದರೆ ಟ್ರಾನ್ಸಿಸ್ಟರ್ ಹೋಗಿದೆ. ಹೊಸ ಸ್ಪೀಕರ್ ಹಾಕಿದರೆ ವೂಫರಿನ ಕಾಯಿಲ್ ಸುಟ್ಟ ವಾಸನೆ ಬರುತ್ತದೆ.

ಪ್ರಶ್ನೆ: ಸೆಕೆಂಡ್‌ಹ್ಯಾಂಡ್ ಜಪಾನಿ ರಿಸೀವರ್ ಕೊಂಡೆ. ಮೈಸೂರು ಆಕಾಶವಾಣಿ 100.6 ಬರುತ್ತಿಲ್ಲ, ಡಯಲ್ 90ಕ್ಕೇ ಮುಗಿಯುತ್ತದೆ.
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಮೊದಲು ಪ್ಲಗ್ ತೆಗೆದು ಬೆನ್ನಿನ ಫಲಕ ಓದಿ. ಡಯಲ್ 76ರಿಂದ 90 ಎಂದಿದ್ದರೆ ಅದು ಜಪಾನ್ ದೇಶದೊಳಗಿನ ಮಾರಾಟಕ್ಕೆ ಮಾಡಿದ ಸೆಟ್, ಅದಕ್ಕೆ ಬೇಕಾದದ್ದು 100 ವೋಲ್ಟ್. ಮಾರಿದವರು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಟ್ಟಿದ್ದರೆ ಅದರ ಔಟ್‌ಪುಟ್ 100 ಆಗಿರಲಿ, 110 ಬೇಡ. ನಮ್ಮ ಕರೆಂಟ್ 230ರಿಂದ 250ಕ್ಕೆ ಏರಿದಾಗ 110 ಇದ್ದದ್ದು 120ರ ಹತ್ತಿರಕ್ಕೆ ಏರಿ ಕೆಪಾಸಿಟರ್‌ಗಳ ಆಯಸ್ಸು ತಿನ್ನುತ್ತದೆ. ಬೆನ್ನ ಮೇಲೆ 150 ವ್ಯಾಟ್ ಎಂದಿದ್ದರೆ 300 ವಿಎ (ವೋಲ್ಟ್-ಆಂಪಿಯರ್) ಟ್ರಾನ್ಸ್‌ಫಾರ್ಮರ್ ಹಾಕಿ. 100.6 ಆ ಟ್ಯೂನರಿಗೆ ಎಟುಕುವುದಿಲ್ಲ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲೇ ಬಾನುಲಿ ಶುರು ಮಾಡಿದ ಊರಿನ ಮಗ್ಗುಲಲ್ಲಿದ್ದೂ ಅದು ಸಿಗದಿದ್ದರೆ ಬೇಸರವೇ, ಆದರೆ ಬೇರೊಂದು ಎಫ್‌ಎಂ ಟ್ಯೂನರನ್ನು ಹೊರಗಿನ ಸಾಧನಗಳಿಗಿರುವ ‘ಆಕ್ಸ್’ ಸಾಕೆಟ್ಟಿಗೆ ಜೋಡಿಸಿದರೆ ಕೆಲಸ ಮುಗಿಯಿತು.

ಪ್ರಶ್ನೆ: ಟಿವಿಯ ಹೆಡ್‌ಫೋನ್ ಸಾಕೆಟ್ಟಿನಿಂದ ರಿಸೀವರಿನ ‘ಫೋನೊ’ಗೆ ತಂತಿ ಹಾಕಿದೆ. ಗೊರಗೊರ ಎನ್ನುತ್ತದೆ.
– ಓದುಗರು, ಮಂಡ್ಯ

ಉತ್ತರ: ಫೋನೊ ಗ್ರಾಮಫೋನ್ ತಟ್ಟೆಗೆ ಮೀಸಲು. ಎರಡು ಮೂರು ಮಿಲಿವೋಲ್ಟ್ ನಿರೀಕ್ಷಿಸುವ ಜಾಗಕ್ಕೆ ನೀವು ಅದರ ನೂರಾರು ಪಾಲು ಸುರಿಯುತ್ತಿದ್ದೀರಿ. ಸಾಲದ್ದಕ್ಕೆ ಅದು ಬಾಸನ್ನು ಏರಿಸಿ ಟ್ರೆಬಲನ್ನು ಇಳಿಸುತ್ತದೆ. ‘ಆಕ್ಸ್’ ಅಥವಾ ‘ಟೇಪ್ ಪ್ಲೇ’ಗೆ ಹಾಕಿ. ಸೆಟ್ಟಿನಲ್ಲಿ ಐದು ಕಾಲಿನ ಡಿನ್ ಸಾಕೆಟ್ ಮಾತ್ರ ಇದ್ದರೆ ಟೇಪ್ ಸಾಕೆಟ್ಟಿನ 3ನೇ ಕಾಲಿಗೆ ಎಡ, 5ಕ್ಕೆ ಬಲ, ನಡುವಿನ 2ಕ್ಕೆ ಗ್ರೌಂಡ್. ಟಿವಿಯ ವಾಲ್ಯೂಮನ್ನು ಮುಕ್ಕಾಲಿಗೆ ನಿಲ್ಲಿಸಿ, ಸದ್ದನ್ನು ರಿಸೀವರಿನಲ್ಲೇ ಹೆಚ್ಚು ಕಡಿಮೆ ಮಾಡಿಕೊಳ್ಳಿ.