ಖಾಲಿ ಬಿಟ್ಟ ಕಾಲಂ

ಪ್ರಶ್ನೆ: ಸುಬೇದಾರ್ ಸಾಬ್, 1987ರಿಂದ 2004ರವರೆಗೆ ಆರ್ಟಿಲರಿಯಲ್ಲಿದ್ದೆ. ಬಲಗಿವಿ ಕೇಳಿಸುವುದಿಲ್ಲ. ಈಗ ದಾವಣಗೆರೆಯ ಒಂದು ಬ್ಯಾಂಕಿನಲ್ಲಿ ಗಾರ್ಡ್. ಬಂದವರಿಗೆಲ್ಲ ‘ಈ ಕಡೆ ಬಂದು ಹೇಳಿ’ ಅನ್ನಬೇಕು. ಬಿಡುಗಡೆಯಾಗುವಾಗ ಮೆಡಿಕಲ್ ಬೋರ್ಡ್ 20% ನ್ಯೂನತೆ ಅಂತ ಬರೆದು, ‘ಸೇವೆಗೆ ಸಂಬಂಧವಿಲ್ಲ’ ಅಂದಿತು. ಅಂಗವೈಕಲ್ಯ ಪಿಂಚಣಿ ಸಿಗಲಿಲ್ಲ. ಕಿವಿ ಸೇನೆಯಲ್ಲೇ ಕೆಟ್ಟಿತು ಅಂತ ಈಗ ಹೇಗೆ ತೋರಿಸಲಿ?
– ಒಬ್ಬ ಓದುಗರು, ಹರಿಹರ

ಉತ್ತರ: ಹವಾಲ್ದಾರರೇ, ತೋರಿಸಬೇಕಾದವರು ನೀವಲ್ಲ. ಅವರು.

ಭರ್ತಿಯಾದ ದಿನ ಡಾಕ್ಟರು ನಿಮ್ಮ ಕಿವಿ ನೋಡಿದ್ದರಲ್ವಾ? ಆ ಫಾರಂನಲ್ಲಿ ಕಿವಿಯ ದೋಷ ಅಂತ ಏನೂ ಬರೆದಿಲ್ಲದಿದ್ದರೆ, ನೀವು ಆರೋಗ್ಯವಾಗಿಯೇ ಸೇರಿದಿರಿ ಅಂತ ಲೆಕ್ಕ. ಆಮೇಲೆ ಬಂದದ್ದು ಸೇವೆಯಿಂದಲ್ಲ ಅನ್ನುವವರು ಕಾರಣ ಬರೆಯಬೇಕು. ಧರಮ್‌ವೀರ್ ಸಿಂಗ್ ಎಂಬ ಸೈನಿಕನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಇದನ್ನೇ ಹೇಳಿತು. ಆತನದು ಮೂರ್ಛೆರೋಗ, ಅದೂ 20%ವೇ. ಗೆದ್ದರು. ನಿಮ್ಮದು 2004ರ ಬಿಡುಗಡೆ, ಹಾಗಾಗಿ ಆ ತೀರ್ಪಿನಲ್ಲಿದ್ದ 1982ರ ಅಂಗವೈಕಲ್ಯ ಪಿಂಚಣಿ ನಿಯಮಗಳೇ ನಿಮಗೂ. 2008ರಲ್ಲಿ, ಮತ್ತೆ 2023ರಲ್ಲಿ ನಿಯಮ ಬದಲಾಗಿದೆ. ಈಚೆಗೆ ಬಿಡುಗಡೆಯಾಗಿ ಬಂದ ಹುಡುಗರು ನಿಮ್ಮ ಅರ್ಜಿಯನ್ನು ಸುಮ್ನೆ ನಕಲು ಮಾಡುವುದು ಬೇಡ.

ಮೊದಲು ನಾಸಿಕ್ ರೋಡ್ ಕ್ಯಾಂಪಿನ ನಿಮ್ಮ ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಭರ್ತಿಯ ಮೆಡಿಕಲ್ ಫಾರಂ, ಬಿಡುಗಡೆ ಬೋರ್ಡಿನ ಪೂರ್ತಿ ಕಾಗದ, ಎರಡನ್ನೂ ಕೇಳಿ. ಬೋರ್ಡಿನ ಕಾಗದದಲ್ಲಿ ಕಾರಣದ ಕಾಲಂ ನೋಡಿ. ಇಪ್ಪತ್ತೆರಡು ವರ್ಷ ಕ್ಲರ್ಕ್ ಆಗಿದ್ದವನು ನಾನು, ಅಲ್ಲಿ ಒಂದೇ ಸಾಲು ಇದ್ದದ್ದೇ ಜಾಸ್ತಿ ಕಂಡಿದ್ದೇನೆ. ನನ್ನ ಮೊಣಕಾಲಿನ ಕಾಗದದಲ್ಲೂ ಅಷ್ಟೇ. ಬಿದ್ದ ದಿನ ‘ರಿಪೋರ್ಟ್ ಯಾಕೆ, ಎಣ್ಣೆ ಹಚ್ಚು’ ಅಂದಿದ್ದರು. ಹಚ್ಚಿದೆ. ಈಗಲೂ ಹಚ್ಚುತ್ತಿದ್ದೇನೆ.

ಫೈರಿಂಗ್ ರೇಂಜಿನಲ್ಲಿ ಎಷ್ಟು ವರ್ಷ ತೋಪಿನ ಪಕ್ಕ ನಿಂತಿರಿ, ಯಾವ ಆಸ್ಪತ್ರೆಯಲ್ಲಿ ಕಿವಿ ತೋರಿಸಿದಿರಿ, ನೆನಪಾದಂತೆ ಬರೆದಿಡಿ. ಜೊತೆಗಿದ್ದವರ ಹೇಳಿಕೆಯೂ ಉಪಯೋಗಕ್ಕೆ ಬರುತ್ತದೆ. ಡಿಸ್ಚಾರ್ಜ್ ಬುಕ್ಕನ್ನು ಮಾತ್ರ ಲ್ಯಾಮಿನೇಷನ್ ಮಾಡಿಸಬೇಡಿ, ಕೈ ಮುಗಿಯುತ್ತೇನೆ.

ಇಷ್ಟು ವರ್ಷ ಆಯ್ತಲ್ಲ ಅಂತ ಹೆದರಬೇಡಿ. ಪಿಂಚಣಿ ತಿಂಗಳು ತಿಂಗಳೂ ತಪ್ಪುವ ಹಣ. ತಡವಾದರೂ ಕೇಳಬಹುದು ಅಂತ ತರ್ಸೇಮ್ ಸಿಂಗ್ ಪ್ರಕರಣದಲ್ಲಿ 2008ರಲ್ಲೇ ತೀರ್ಪಾಗಿದೆ. ಹಿಂಬಾಕಿ ಮಾತ್ರ ಸಾಮಾನ್ಯವಾಗಿ ಮೂರು ವರ್ಷದ್ದೇ. ಒಪ್ಪಿದರೆ 20%ಅನ್ನು 50%ಗೆ ಏರಿಸಿ ಕೊಡುವ ಕ್ರಮವೂ ಇದೆ. ರೆಕಾರ್ಡ್ ಆಫೀಸಿಗೆ ಪಿಂಚಣಿ ಕೇಳಿ ಹಾಕುವ ಅರ್ಜಿಯಲ್ಲೇ ಅದನ್ನೂ ಕೇಳಿ. ರೆಕಾರ್ಡ್ ಆಫೀಸು ಆಗದು ಅಂದರೆ ಮುಂದಿನದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ.

ನಾಸಿಕ್‌ನಿಂದ ಲಕೋಟೆ ಬಂದ ಮೇಲೆ ಇನ್ನೊಂದು ಪತ್ರ ಹಾಕಿ. ಕಿವಿಯ ಕಾಲಂನ ಜೆರಾಕ್ಸ್ ಇಟ್ಟು ಕಳಿಸಿ.