ಓಡುತ್ತಾ ಹಿಂಗಾಲು ಎತ್ತುವ ಪೊಮೇರಿಯನ್: ಆಪರೇಷನ್ ಬೇಕೇ ಬೇಕಾ?

ನಿಮ್ಮ 2 ವರ್ಷದ ಪೊಮೇರಿಯನ್ ಓಡುವಾಗ ಹಿಂಗಾಲು ಎತ್ತಿ ನಾಲ್ಕು ಹೆಜ್ಜೆ ಕುಂಟುತ್ತದೆ, ಆಮೇಲೆ ಸರಿಯಾಗುತ್ತದೆ, ಮಂಡಿಚಿಪ್ಪು ಜಾರಿದ್ದಾ, ಆಪರೇಷನ್ ಬೇಕಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ಆದರೆ ಬದಿಯಡ್ಕದ ಹತ್ತಿರ ನಮ್ಮ ಮನೆಯ ಪುಟ್ಟಿಗೂ ಇದೇ ಕತೆ.

ಅಂಗಳದಲ್ಲಿ ಅಡಿಕೆ ಒಣಗಿಸಿರುತ್ತೇವಲ್ಲ, ಅಲ್ಲಿ ಕಾಗೆ ಕೂತರೆ ಇವಳು ಜಗಲಿಯಿಂದ ಹಾರಿ ಅಟ್ಟುತ್ತಿದ್ದಳು. ನಡುವೆ ಬಲಗಾಲು ಹೊಟ್ಟೆಗೆ ಅಂಟಿಸಿ ಮೂರೇ ಕಾಲಲ್ಲಿ ಕುಪ್ಪಳಿಸುವುದು. ನಿಂತು ಆ ಕಾಲನ್ನು ಹಿಂದಕ್ಕೆ ನೀಡಿ ಒಮ್ಮೆ ಒದರುವುದು. ಮತ್ತೆ ಓಟ. ಅಮ್ಮ ಮುಳ್ಳು ತಾಗಿದೆ ಅಂತ ಪಾದವೆಲ್ಲ ಹುಡುಕಿದರು. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ರಾಣಿಯ ಹಾಗೆ ನಡೆದಳು! ಎರಡನೇ ಸಲ ಮೊಬೈಲಲ್ಲಿ ವೀಡಿಯೊ ಮಾಡಿಕೊಂಡು ಹೋದೆ. ನೀವೂ ಅದನ್ನೇ ಮಾಡಿ.

ಡಾಕ್ಟರು ಕಾಲು ನೀಡಿಸಿ ಹೆಬ್ಬೆರಳಲ್ಲಿ ಒತ್ತಿದರು. ನನ್ನ ಬೆರಳನ್ನೂ ಅಲ್ಲಿಡಿಸಿದರು. ಚರ್ಮದಡಿ ಕಡಲೆಕಾಳಿನಂಥದ್ದೊಂದು ಒಳಬದಿಗೆ ಟುಳುಕ್ ಅಂತ ಜಾರಿತು, ಅದೇ ಮಂಡಿಚಿಪ್ಪು. ತೊಡೆಮೂಳೆಯ ತುದಿಯಲ್ಲಿ ಒಂದು ಸಣ್ಣ ಕಣಿ ಇರುತ್ತದೆ, ಚಿಪ್ಪು ಅದರೊಳಗೇ ಮೇಲೆ ಕೆಳಗೆ ಓಡಾಡಬೇಕು. ಸಣ್ಣ ಜಾತಿಯ ನಾಯಿಗಳಲ್ಲಿ ಹೆಚ್ಚಾಗಿ ಹುಟ್ಟಿನಿಂದಲೇ ಆ ಕಣಿಗೆ ಆಳ ಸಾಲದು, ಇಲ್ಲವೇ ಕಾಲಿನ ಮೂಳೆ ಸ್ವಲ್ಪ ತಿರುಚಿರುತ್ತದೆ. ಹಾಗಾಗಿ ಎಲ್ಲಿ ಬಿತ್ತೋ ಏನೋ ಅಂತ ಸುಮ್ನೆ ನಿಮ್ಮನ್ನೇ ಬೈದುಕೊಳ್ಳಬೇಡಿ. ಇನ್ನೊಂದು ಕಾಲನ್ನೂ ಪರೀಕ್ಷೆ ಮಾಡಿಸಿ, ಎಷ್ಟೋ ನಾಯಿಗಳಿಗೆ ಎರಡರಲ್ಲೂ ಇರುತ್ತದೆ.

ಇದಕ್ಕೆ 4 ಗ್ರೇಡ್ ಇದೆ. ಒಂದರಲ್ಲಿ ಕೈಯಿಂದ ತಳ್ಳಿದರೆ ಮಾತ್ರ ಜಾರುತ್ತದೆ. ಎರಡರಲ್ಲಿ ತಾನಾಗಿ ಜಾರಿ ಮರಳುತ್ತದೆ. ಮೂರರಲ್ಲಿ ಹೊರಗೇ ಇರುತ್ತದೆ, ತಳ್ಳಿದರೆ ಒಳಗೆ ಹೋಗುತ್ತದೆ. ನಾಲ್ಕರಲ್ಲಿ ತಳ್ಳಿದರೂ ಹೋಗುವುದಿಲ್ಲ. ನೀವು ಹೇಳಿದ್ದು ಕೇಳಿದರೆ ಎರಡರ ಹಾಗಿದೆ, ಪುಟ್ಟಿಯದ್ದೂ ಅದೇ. ನೋವಿಲ್ಲದೆ ಅಪರೂಪಕ್ಕೆ ಕುಂಟುವುದಾದರೆ ಸಾಮಾನ್ಯವಾಗಿ ಕಾದು ನೋಡುತ್ತಾರೆ. ಪದೇ ಪದೇ ಆದರೆ, ನೋವಿದ್ದರೆ, ಅಥವಾ ಮೂರು ನಾಲ್ಕರ ಗ್ರೇಡ್ ಆದರೆ ಆಪರೇಷನ್ ಮಾತು ಬರುತ್ತದೆ. ಕಣಿಯನ್ನು ಆಳ ಮಾಡುತ್ತಾರೆ, ಬೇಕಾದರೆ ಚಿಪ್ಪಿನ ಪಟ್ಟಿ ಅಂಟಿರುವ ಮೂಳೆಯ ತುಂಡನ್ನು ಸರಿಸಿ ಪಿನ್ ಹಾಕುತ್ತಾರೆ. ಆಮೇಲೆ ಕೆಲವು ವಾರ ಓಟ, ಹಾರಾಟ ಬಂದ್.

ನಮಗೆ ಜಾಸ್ತಿ ಉಪಯೋಗವಾದದ್ದು ತೂಕ ಇಳಿಸಿದ್ದು. ಎಲ್ಲರ ಬಟ್ಟಲಿನಿಂದಲೂ ಒಂದೊಂದು ದೋಸೆ ತುಂಡು ತಿಂದು 6 ಕೆಜಿ ಆಗಿದ್ದವಳು, ಈಗ ಐದರ ಒಳಗೆ. ಟೈಲ್ಸ್ ಮೇಲೆ ಜಾರದಂತೆ ಗೋಣಿ ಹಾಸಿದೆ, ಪಾದದಡಿಯ ಕೂದಲು ಕತ್ತರಿಸುತ್ತೇನೆ. ಜಗಲಿಗೆ ಒಂದು ಅಡ್ಡಮೆಟ್ಟಿಲು ಇಟ್ಟೆ. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಮಾತ್ರ ಕೊಡಲೇಬೇಡಿ, ನಾಯಿಗೆ ಅದು ವಿಷವಾದೀತು. ಇಷ್ಟು ದಿನ ಎರಡು ಹೆಜ್ಜೆ ಕುಂಟುತ್ತಿದ್ದದ್ದು ಒಮ್ಮೆಲೇ ಕಾಲೂರದೇ ಕೂತರೆ ತಡಮಾಡಬೇಡಿ, ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ (ಲಿಗಮೆಂಟ್) ಹರಿದಿರಲೂಬಹುದು.

ಮರಿ ಹಾಕಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ, ಇದು ವಂಶದಲ್ಲಿ ಇಳಿಯುವಂಥದ್ದು. ನಮ್ಮತ್ತೆ ಒಂದು ಮರಿ ಹೇಳಿಟ್ಟಿದ್ದರು. ಇಲ್ಲ ಅಂದೆ, ಇನ್ನೂ ಮುನಿಸು ಹೋಗಿಲ್ಲ.