ಓದುಗರ ಪ್ರಶ್ನೆ: ಹತ್ತಿ ಬಟ್ಟೆಯ ಕೋಟಾ ಹಿಗ್ಗಿದ್ದು, ಕುಗ್ಗಿದ್ದು ಹೇಗೆ?

ಪ್ರಶ್ನೆ: ಭಾರತದಿಂದ ಅಮೆರಿಕಕ್ಕೆ ಹೋಗುವ ಹತ್ತಿ ಉಡುಪಿಗೆ ಹಿಂದೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇತ್ತು, ಆ ಮಿತಿ ವರ್ಷದ ನಡುವೆಯೂ ಬದಲಾಗುತ್ತಿತ್ತು ಎಂದು ಓದಿದೆ. ಸಹಿ ಬಿದ್ದ ಒಪ್ಪಂದದ ಅಂಕಿಯನ್ನು ಬದಲಾಯಿಸಲು ಹೇಗೆ ಬರುತ್ತದೆ?
– ಬಿ.ಕಾಂ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಅಂಕಿಗೆ ಸಹಿ ಬೀಳುವಾಗಲೇ ಅದನ್ನು ಬದಲಾಯಿಸುವ ದಾರಿಗಳಿಗೂ ಸಹಿ ಬೀಳುತ್ತಿತ್ತು. ಜವಳಿ ಕೋಟಾಗಳಿಗೆ ನಿಯಮ ಹಾಕಿದ, ಹಲವು ದೇಶಗಳು ಸೇರಿ ಮಾಡಿಕೊಂಡ ಮಲ್ಟಿಫೈಬರ್ ಒಪ್ಪಂದ 1974ರ ಜನವರಿ 1ರಂದು ಜಾರಿಗೆ ಬಂತು. ಅದರ ಅನುಬಂಧದಲ್ಲೇ ಇದರ ಸಾಮಾನ್ಯ ಲೆಕ್ಕ ಇದೆ. ಮಿತಿ ವರ್ಷಕ್ಕೆ ಶೇ 6ರಷ್ಟಾದರೂ ಬೆಳೆಯಬೇಕು. ಒಂದು ಬಗೆಯ ಉಡುಪಿನ ಮಿತಿಯಿಂದ ಇನ್ನೊಂದಕ್ಕೆ ಶೇ 7ರವರೆಗೆ ಸರಿಸಬಹುದು, ಇದು ಸ್ವಿಂಗ್. ಹಿಂದಿನ ವರ್ಷ ಬಳಸದೆ ಉಳಿದದ್ದನ್ನು ಈ ವರ್ಷಕ್ಕೆ ತರುವುದು ಕ್ಯಾರಿಓವರ್. ಮುಂದಿನ ವರ್ಷದ ಪಾಲನ್ನು ಈಗಲೇ ತೆಗೆದುಕೊಳ್ಳುವುದು ಕ್ಯಾರಿಫಾರ್ವರ್ಡ್. ಈ ಕೊನೆಯ ಎರಡೂ ಸೇರಿ ಶೇ 10 ಮೀರಬಾರದು, ಅದರಲ್ಲಿ ಕ್ಯಾರಿಫಾರ್ವರ್ಡ್ ಶೇ 5 ದಾಟಬಾರದು. ದೇಶದೇಶಗಳ ನಡುವಿನ ಒಪ್ಪಂದಗಳಲ್ಲಿ ಈ ಅಂಕಿಗಳು ತುಸು ಆಚೀಚೆ ಆಗುತ್ತಿದ್ದವು.

ಕೆಲಸ ನಡೆಯುತ್ತಿದ್ದುದು ಹೀಗೆ: ರಫ್ತು ಮಾಡುವ ದೇಶ ಕೋರಿಕೆ ಸಲ್ಲಿಸಬೇಕು. ಅಮೆರಿಕದಲ್ಲಿ ಜವಳಿ ಒಪ್ಪಂದಗಳ ಜಾರಿ ಸಮಿತಿ, ಅಂದರೆ ಸಿಐಟಿಎ, ಅದನ್ನು ನೋಡಿ ಕಸ್ಟಮ್ಸ್ ಕಮಿಷನರ್‌ಗೆ ಪತ್ರ ಬರೆಯುತ್ತಿತ್ತು. ಯಾವ ಕೆಟಗರಿಯ, ಅಂದರೆ ಸಂಖ್ಯೆ ಕೊಟ್ಟು ಗುರುತಿಸಿದ ಯಾವ ಬಗೆಯ ಉಡುಪಿನ, ಮಿತಿ ಎಷ್ಟಕ್ಕೆ ಏರಿತು, ಯಾವುದು ಎಷ್ಟಕ್ಕೆ ಇಳಿಯಿತು ಎಂಬ ಪಟ್ಟಿ ಅದರ ಜೊತೆಗೆ. ಆ ಪತ್ರ ಅಮೆರಿಕ ಸರ್ಕಾರದ ಗೆಜೆಟ್ ಆದ ಫೆಡರಲ್ ರಿಜಿಸ್ಟರ್‌ನಲ್ಲಿ ಅಚ್ಚಾಗುತ್ತಿತ್ತು.

ವಿದ್ಯಾರ್ಥಿಗಳು ಎಡವುವುದು ಕ್ಯಾರಿಫಾರ್ವರ್ಡ್‌ನಲ್ಲಿ. ಅದು ಸಾಲ. ಮಿತಿ 10 ಲಕ್ಷ ಡಜನ್ ಎಂದುಕೊಳ್ಳಿ. ಈ ವರ್ಷ 50,000 ಡಜನ್ ಮುಂಗಡ ತಂದರೆ ಮುಂದಿನ ವರ್ಷದ 10,60,000ದಿಂದ ಅದು ಕಳೆದು 10,10,000 ಮಾತ್ರ ಉಳಿಯುತ್ತದೆ. ಶೇ 6ರ ಏರಿಕೆಯನ್ನೂ ಮೂಲ ಮಿತಿಯ ಮೇಲೆ ಲೆಕ್ಕ ಹಾಕಬೇಕು, ಹೊಂದಾಣಿಕೆಯಿಂದ ಉಬ್ಬಿದ ಅಂಕಿಯ ಮೇಲಲ್ಲ. ಹೀಗೆ ಸಾಲ ತಂದವರಿಗೆ ಮರುವರ್ಷ ಶೇ 6ರ ಏರಿಕೆಯ ಬಹುಪಾಲು ಕಾಗದದ ಮೇಲಷ್ಟೇ ಉಳಿಯುತ್ತಿತ್ತು.

ಪ್ರಶ್ನೆ: ಪ್ಯಾಂಟಿನ ಕೋಟಾವನ್ನು ಶರ್ಟಿಗೆ ಸರಿಸುವಾಗ ಡಜನ್‌ಗೆ ಡಜನ್ ಲೆಕ್ಕವೇ?
– ಗಾರ್ಮೆಂಟ್ಸ್ ಉದ್ಯೋಗಿ, ಪೀಣ್ಯ, ಬೆಂಗಳೂರು

ಉತ್ತರ: ಅಲ್ಲ. ಎರಡನ್ನೂ ಮೊದಲು ಚದರ ಮೀಟರ್ ಬಟ್ಟೆಗೆ ಇಳಿಸಬೇಕು. ಅಮೆರಿಕದ ಪಟ್ಟಿಯಲ್ಲಿ ಗಂಡಸರ ನೇಯ್ದ ಹತ್ತಿ ಶರ್ಟು, ಕೆಟಗರಿ 340, ಡಜನ್‌ಗೆ 20.1 ಚದರ ಮೀಟರ್. ಹತ್ತಿ ಪ್ಯಾಂಟು, 347/348, ಡಜನ್‌ಗೆ 14.9. ಶರ್ಟೇ ಪ್ಯಾಂಟಿಗಿಂತ ಹೆಚ್ಚು ಬಟ್ಟೆ ನುಂಗುತ್ತದೆ ಅನ್ನುವುದು ನಿಮ್ಮ ಕಟಿಂಗ್ ಟೇಬಲ್‌ನ ಲೆಕ್ಕಕ್ಕೆ ಕೂಡದಿರಬಹುದು, ಆದರೆ ಕಸ್ಟಮ್ಸ್‌ಗೆ ಪಟ್ಟಿಯ ಅಂಕಿಯೇ ಪ್ರಮಾಣ.

ಶರ್ಟಿನ ಮಿತಿ 10 ಲಕ್ಷ ಡಜನ್ ಇದ್ದರೆ ಶೇ 7ರ ಸ್ವಿಂಗ್ ಅಂದರೆ 70,000 ಡಜನ್. ಅದನ್ನು 20.1ರಿಂದ ಗುಣಿಸಿದರೆ 14,07,000 ಚದರ ಮೀಟರ್. 14.9ರಿಂದ ಭಾಗಿಸಿ: ಸುಮಾರು 94,430 ಡಜನ್ ಪ್ಯಾಂಟು ಬಿಟ್ಟುಕೊಡಬೇಕು. ಶರ್ಟಿಗೆ ಬೇಡಿಕೆ ಇದೆ ಎಂದು ಸ್ವಿಂಗ್ ಕೇಳುವ ಮೊದಲು, ಆ 94,430 ಡಜನ್ ಪ್ಯಾಂಟಿಗೆ ಯಾರ ಆರ್ಡರ್ ಕೂತಿದೆ ಎಂದು ನೋಡಲೇಬೇಕಿತ್ತು.

ಮಿಶ್ರ ಬಟ್ಟೆಯಲ್ಲಿ ಯಾವ ನಾರಿನ ತೂಕ ಹೆಚ್ಚೋ ಕೆಟಗರಿ ಅದರದು. ಹತ್ತಿ 60, ಪಾಲಿಯೆಸ್ಟರ್ 40 ಇದ್ದ ಶರ್ಟು 340ಕ್ಕೆ ಸೇರುತ್ತಿತ್ತು. ಅದೇ ತಿರುಗುಮುರುಗಾದರೆ 640. ಹೊಲಿಗೆ ಒಂದೇ, ಅಳತೆ ಒಂದೇ, ಕೋಟಾ ಮಾತ್ರ ಬೇರೆ.

ಪ್ರಶ್ನೆ: ಕೋಟಾ ಇದ್ದೂ ಮಾಲು ಬಂದರಿನಲ್ಲಿ ನಿಲ್ಲುತ್ತಿತ್ತಂತೆ. ಯಾಕೆ?
– ಓದುಗರು, ಬೊಮ್ಮನಹಳ್ಳಿ

ಉತ್ತರ: ಹೆಚ್ಚಾಗಿ ವೀಸಾದ ತಪ್ಪಿನಿಂದ. ಇದು ಮನುಷ್ಯರ ವೀಸಾ ಅಲ್ಲ, ಮಾಲು ಕೋಟಾದ ಲೆಕ್ಕಕ್ಕೆ ಸೇರಿದ್ದು ಎಂದು ತೋರಿಸಲು ರಫ್ತು ಮಾಡುವ ದೇಶ ಮೂಲ ಇನ್‌ವಾಯ್ಸ್‌ನ ಮುಂಬದಿಯಲ್ಲಿ ನೀಲಿ ಶಾಯಿಯಲ್ಲಿ ಒತ್ತುತ್ತಿದ್ದ ಮೊಹರು. ಭಾರತದಲ್ಲಿ ಉಡುಪಿನ ಕೋಟಾವನ್ನು ಎಇಪಿಸಿ, ಬಟ್ಟೆ-ನೂಲಿನದನ್ನು ಟೆಕ್ಸ್‌ಪ್ರೊಸಿಲ್ ಎಂಬ ರಫ್ತು ಉತ್ತೇಜನ ಮಂಡಳಿಗಳು ನೋಡಿಕೊಳ್ಳುತ್ತಿದ್ದವು. ವೀಸಾದ ಸಂಖ್ಯೆಗೆ ಒಂಬತ್ತು ಸ್ಥಾನ: ಮೊದಲು ರಫ್ತಾದ ವರ್ಷದ ಕೊನೆಯ ಅಂಕಿ, ಆಮೇಲೆ ದೇಶದ ಎರಡಕ್ಷರ, ಕೊನೆಗೆ ಆರಂಕಿಯ ಕ್ರಮಸಂಖ್ಯೆ. 2003ರಲ್ಲಿ ಹಡಗು ಹತ್ತಿದ ಮಾಲಿಗೆ ‘3ಐಎನ್’ ಎಂದು ಶುರುವಾಗಬೇಕು. ಅದು 2004ರಲ್ಲಿ ನ್ಯೂಯಾರ್ಕ್ ಮುಟ್ಟಿದರೂ ಲೆಕ್ಕ 2003ರ ಕೋಟಾಕ್ಕೇ.

ವೀಸಾದಲ್ಲಿ ಬರೆದದ್ದಕ್ಕಿಂತ ಪೆಟ್ಟಿಗೆಯಲ್ಲಿ ಹೆಚ್ಚಿದ್ದರೆ ಒಳಗೆ ಬಿಡುತ್ತಿರಲಿಲ್ಲ. ಕಡಿಮೆ ಇದ್ದರೆ ತೊಂದರೆಯಿಲ್ಲ, ಒಳಗೆ ಬಂದಷ್ಟನ್ನೇ ಎಣಿಸುತ್ತಿದ್ದರು. ಹಾಗಾಗಿ ಕೊನೇ ಗಳಿಗೆಯಲ್ಲಿ ನಾಲ್ಕು ಡಜನ್ ಹೆಚ್ಚಿಗೆ ಪ್ಯಾಕ್ ಮಾಡಿದರೆ ಇಡೀ ಸರಕಿಗೇ ಕುತ್ತು. ದೇಶದ ಮಿತಿಯೇ ತುಂಬಿದ್ದರೆ ಮಾಲು ಕಸ್ಟಮ್ಸ್ ಹಿಡಿತದ ಬಾಂಡೆಡ್ ಗೋದಾಮಿನಲ್ಲಿ ಬಾಡಿಗೆ ಕಟ್ಟುತ್ತಾ ಹೊಸ ವರ್ಷಕ್ಕೋ ಹೊಂದಾಣಿಕೆಯ ಪತ್ರಕ್ಕೋ ಕಾಯಬೇಕಿತ್ತು. ಸೀಸನ್ ದಾಟಿದ ಉಡುಪನ್ನು ಆಗ ಒಳ್ಳೆಯ ಬೆಲೆಗೆ ಕೊಳ್ಳುವವರು ಯಾರು?

ಪ್ರಶ್ನೆ: ಸ್ವಾತಂತ್ರ್ಯಕ್ಕೆ ಮೊದಲು ಜಪಾನಿನ ಬಟ್ಟೆಗೂ ನಮ್ಮ ಹತ್ತಿ ಅಂಡಿಗೆಗೂ ಗಂಟು ಹಾಕಿದ್ದರು ಎಂದು ಹಿರಿಯರು ಹೇಳುತ್ತಿದ್ದರು. ನಿಜವೇ?
– ನಿವೃತ್ತ ಶಿಕ್ಷಕರು, ಗದಗ

ಉತ್ತರ: ನಿಜ, ಗುರುಗಳೇ. ಮಿತಿ ತಾನಾಗಿ ಏರಿಳಿಯುವಂಥ ಇಷ್ಟು ಅಚ್ಚುಕಟ್ಟಾದ ಸೂತ್ರ ಆಮೇಲಿನ ಒಪ್ಪಂದಗಳಲ್ಲಿ ನಮಗೆ ಕಂಡಿಲ್ಲ. 1933ರಲ್ಲಿ ಭಾರತ ಸರ್ಕಾರ ಬ್ರಿಟನ್ನಿನದಲ್ಲದ ಹತ್ತಿ ಬಟ್ಟೆಯ ಮೇಲಿನ ಸುಂಕವನ್ನು ಶೇ 75ಕ್ಕೆ ಏರಿಸಿತು. ಜಪಾನಿನ ಗಿರಣಿಗಳು ನಮ್ಮ ಹತ್ತಿಯನ್ನೇ ಬಹಿಷ್ಕರಿಸಿದವು. ಶಿಮ್ಲಾ, ದೆಹಲಿಗಳಲ್ಲಿ ಮಾತುಕತೆ ನಡೆದು 1934ರಲ್ಲಿ ರಾಜಿಯಾಯಿತು, ಸುಂಕ ಶೇ 50ಕ್ಕೆ ಇಳಿಯಿತು.

ಸೂತ್ರ ಇದು: ಜಪಾನ್ ವರ್ಷಕ್ಕೆ 10 ಲಕ್ಷ ಬೇಲು, ಅಂದರೆ ಅಂಡಿಗೆ, ಹತ್ತಿ ಕೊಂಡರೆ 32.5 ಕೋಟಿ ಗಜ ಬಟ್ಟೆ ತರಬಹುದು. 10 ಲಕ್ಷಕ್ಕಿಂತ ಹೆಚ್ಚು ಕೊಂಡರೆ ಪ್ರತಿ 10,000 ಬೇಲಿಗೆ 15 ಲಕ್ಷ ಗಜ ಹೆಚ್ಚು. ಕಡಿಮೆ ಕೊಂಡರೆ ಪ್ರತಿ 10,000 ಬೇಲಿಗೆ 20 ಲಕ್ಷ ಗಜ ಖೋತಾ. ಗರಿಷ್ಠ ಮಿತಿ 40 ಕೋಟಿ ಗಜ. ಅಂದರೆ 12 ಲಕ್ಷ ಬೇಲಿಗೆ 35.5 ಕೋಟಿ ಗಜ, 9 ಲಕ್ಷಕ್ಕೆ 30.5 ಕೋಟಿ. ಹತ್ತಿ ಕೊಳ್ಳದಿದ್ದಾಗಿನ ಪೆಟ್ಟು ಕೊಂಡಾಗಿನ ಲಾಭಕ್ಕಿಂತ ದೊಡ್ಡದು. ಹತ್ತಿ ಬೆಳೆಗಾರನ ಕಡೆಗೆ ತಕ್ಕಡಿ ಅಷ್ಟರಮಟ್ಟಿಗೆ ವಾಲಿತ್ತು.

ಬಿಳುಪು ಮಾಡದ ಕಚ್ಚಾ ಬಟ್ಟೆ, ಅಂಚಿನ ಕಚ್ಚಾ ಬಟ್ಟೆ, ಬಿಳಿ, ಬಣ್ಣದ್ದು ಎಂದು ಒಳಪಾಲುಗಳೂ ಇದ್ದವು. ಆದರೆ ಫೆಂಟ್ಸ್, ಅಂದರೆ ತುಂಡು ಬಟ್ಟೆ, ಲೆಕ್ಕದಿಂದ ಹೊರಗುಳಿದಿತ್ತು. ತುಂಡುಗಳ ಆಮದು ಏರಿತು. 1937ರಲ್ಲಿ ಒಪ್ಪಂದ ನವೀಕರಿಸುವಾಗ ಆ ಕಿಂಡಿಯನ್ನು ಮುಚ್ಚಬೇಕಾಯಿತು. ಅದೇ ವರ್ಷ ಬರ್ಮಾ ಬ್ರಿಟಿಷ್ ಭಾರತದಿಂದ ಬೇರೆಯಾದ್ದರಿಂದ ಮೂಲ ಮಿತಿ 28.3 ಕೋಟಿ ಗಜಕ್ಕೂ ಗರಿಷ್ಠ ಮಿತಿ 35.8 ಕೋಟಿಗೂ ಇಳಿದವು.

ಪ್ರಶ್ನೆ: ಈಗ ಅಮೆರಿಕಕ್ಕೆ ಕಳಿಸಲು ಕೋಟಾ ಬೇಕೇ?
– ಸಣ್ಣ ಉದ್ಯಮಿ, ರಾಮನಗರ

ಉತ್ತರ: ಬೇಡ. 2005ರ ಜನವರಿ 1ಕ್ಕೆ ಅದು ಮುಗಿಯಿತು. ನಿಮ್ಮ ಲೆಕ್ಕ ಈಗ ಸುಂಕದ್ದು. ಅದಕ್ಕೆ ಹತ್ತಿಯ ಶೇಕಡಾವಾರು ಮತ್ತು ನೇಯ್ದದ್ದೋ ಹೆಣೆದದ್ದೋ ಎಂಬುದನ್ನು ಇನ್‌ವಾಯ್ಸ್‌ನಲ್ಲಿ ಸರಿಯಾಗಿ ಬರೆಯಿರಿ.